ಸೇರು ಅಕ್ಕಿಗೆ ಪಾವು ಉದ್ದು

ಚಕ್ಕುಲಿಗೆ ಸೇರು ಅಕ್ಕಿಯಾದರೆ ಪಾವು ಉದ್ದು. ಹಬ್ಬ ಸಣ್ಣದು, ಅಷ್ಟೆಲ್ಲ ಬೇಡ ಎಂದರೆ ಪಾವು ಅಕ್ಕಿಗೆ ಚಟಾಕು ಉದ್ದು. ಎರಡು ಅಳತೆಗಳೂ ಸಮನಾಗಿ ಎರಡೆರಡು ಮೆಟ್ಟಿಲು ಕೆಳಗಿಳಿದವು, ಹಿಟ್ಟಿನ ಹದ ಮಾತ್ರ ಇದ್ದಲ್ಲೇ ಇತ್ತು. ಶಾಲೆಯ ಭಾಷೆಯಲ್ಲಿ ಇದು ನಾಲ್ಕಕ್ಕೆ ಒಂದರ ಅನುಪಾತ. ಪ್ರಮಾಣ ಕುಗ್ಗಿದರೂ ಅನುಪಾತ ಕೆಡುವುದಿಲ್ಲ ಎಂಬ ನಿಯಮ. ಇಂದು ಮಕ್ಕಳ ಕೈಗೆ ಅಳತೆಯ ಕಪ್ಪುಗಳನ್ನು ಕೊಟ್ಟು, ಕೇಕಿನ ಹಿಟ್ಟು ಕಲಸಿಸಿ, ಅರ್ಧ ಕಪ್ಪು ಎರಡಾದರೆ ಒಂದು, ಕಾಲು ಕಪ್ಪು ನಾಲ್ಕಾದರೆ ಒಂದು ಎಂದು ಗಣಿತ ಕಲಿಸುವ ಪದ್ಧತಿ ನಗರದ ಮನೆಗಳಲ್ಲಿ ಹೊಸತೆಂಬಂತೆ ಪ್ರಚಾರದಲ್ಲಿದೆ. ಪದ್ಧತಿ ಒಳ್ಳೆಯದೇ. ಹೊಸತೆನ್ನುವುದನ್ನು ಮಾತ್ರ ಒಪ್ಪಲಾಗದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಕಡೆಯ ಮನೆಗಳಲ್ಲಿ ಭಿನ್ನರಾಶಿ ಪುಸ್ತಕಕ್ಕೆ ಬರುವ ಮೊದಲು ಪಾತ್ರೆಗಳಲ್ಲಿತ್ತು. ಆ ಪಾತ್ರೆಗಳ ಸಾಲು ಕಣ್ಮರೆಯಾದ ಮೇಲೆ ನಾವು ಅದನ್ನು ಬೇರೆ ಹೆಸರಿನಲ್ಲಿ ಅಂಗಡಿಯಿಂದ ಕೊಂಡು ತರುತ್ತಿದ್ದೇವೆ.

ಆ ಸಾಲು ಹೀಗಿತ್ತು: ಸೇರು, ಅದರ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ಹಿತ್ತಾಳೆಯದೋ ತಗಡಿನದೋ, ನೆಟ್ಟಗೆ ನಿಲ್ಲುವ ಉರುಟು ಪಾತ್ರೆಗಳು, ಒಂದರೊಳಗೊಂದು ಕೂರುತ್ತಿದ್ದವು. ಹಿತ್ತಾಳೆ ಕೆಲಸಕ್ಕೆ ನಾಗಮಂಗಲವೇ ಹೆಸರಾದ ಊರಾಗಿತ್ತು. ಪಾವು ಅಕ್ಕಿಯ ಡಬ್ಬದೊಳಗೇ ಇರುತ್ತಿದ್ದುದರಿಂದ ಮಗುವಿನ ಕೈಗೆ ಮೊದಲು ಸಿಗುತ್ತಿದ್ದುದೂ ಅದೇ. ಈ ಸಾಲಿನ ವಿಶೇಷವೆಂದರೆ ಮುಕ್ಕಾಲಿಗೆ ಬೇರೆ ಪಾತ್ರೆ ಇಲ್ಲದಿರುವುದು. ಮುಕ್ಕಾಲು ಸೇರು ಬೇಕಾದರೆ ಅಚ್ಚೇರು ಒಂದು, ಪಾವು ಒಂದು ಹಾಕಬೇಕು. ಇಲ್ಲವೇ ಪಾವಿನಲ್ಲಿ ಮೂರು ಸಲ ಅಳೆಯಬೇಕು. ಎರಡು ದಾರಿಯಲ್ಲಿ ಹೋದರೂ ರಾಶಿ ಒಂದೇ ಎಂದು ಮಗು ಕಣ್ಣಾರೆ ಕಾಣುತ್ತಿತ್ತು. ಅನ್ನಕ್ಕೆ ಪಾವು ಅಕ್ಕಿಯಾದರೆ ನೀರು ಅದೇ ಪಾವಿನಲ್ಲಿ ಎರಡು. ಅಲ್ಲಿ ಪಾತ್ರೆಯ ಗಾತ್ರ ಎಷ್ಟೆಂಬುದು ಮುಖ್ಯವಲ್ಲ, ಎರಡಕ್ಕೂ ಒಂದೇ ಪಾತ್ರೆ ಬಳಸಿದ್ದು ಮುಖ್ಯ. ಮೇಲೆ ಕೈಯಾಡಿಸಿ ಸಮ ಮಾಡಿದ ಪಾವಿಗೂ ಗೋಪುರ ಕಟ್ಟಿದ ಪಾವಿಗೂ ಇರುವ ವ್ಯತ್ಯಾಸ ನೆರೆಮನೆಯಿಂದ ಕಡ ತರುವಾಗ, ಹಿಂದಿರುಗಿಸುವಾಗ ಮಾತಿಗೆ ಬರುತ್ತಿತ್ತು. ಅಳತೆಯಲ್ಲಿ ದೋಷವೆಂಬುದೊಂದು ಉಂಟು, ಅದನ್ನು ಗಮನಿಸಬೇಕು ಎಂಬ ಪಾಠ ಅಲ್ಲೇ ಆಗುತ್ತಿತ್ತು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಯನ್ನು ಒಂದು ಎನ್ನದೆ ‘ಲಾಭ’ ಎಂದು, ಆಮೇಲೆ ಎರಡು, ಮೂರು ಎಂದು ಎಣಿಸುವ ರೂಢಿ ಇತ್ತು. ಪಕ್ಕದಲ್ಲಿ ನಿಂತ ಮಕ್ಕಳೂ ಎಣಿಕೆಗೆ ದನಿಗೂಡಿಸಬಹುದಾಗಿತ್ತು. ಸೇರಿನಿಂದ ಕೆಳಗೆ ಎಲ್ಲವೂ ಅರ್ಧದ ಲೆಕ್ಕ. ಮೇಲೆ ಹೋದಂತೆ ಲೆಕ್ಕ ಬದಲಾಗಿ, ಕೊಳಗ ಇಪ್ಪತ್ತಾದರೆ ಒಂದು ಖಂಡುಗ. ಕಣದವರಿಗೆ ರಾಶಿ ಬೇಗ ಎಣಿಸಿ ಮುಗಿಯಬೇಕು. ಅಡುಗೆಯವರಿಗೆ ಇಂದು ಉಣ್ಣುವವರು ಎಷ್ಟು, ಇದ್ದುದರಲ್ಲಿ ಅರ್ಧ ಸಾಕೇ ಎಂಬ ಚಿಂತೆ. ಅಳತೆಗಳು ಅವರವರ ಕೆಲಸಕ್ಕೆ ತಕ್ಕಂತೆ ರೂಪುಗೊಂಡಿದ್ದವು.

ಈ ಅರ್ಧದ ಲೆಕ್ಕ ಮನೆಯ ಗೋಡೆಯೊಳಗೆ ಮಾತ್ರ ಇದ್ದದ್ದಲ್ಲ. ಹೊಯ್ಸಳರ ಕಾಲದಲ್ಲಿ ಈ ಸೀಮೆ ದೇವಾಲಯಗಳಿಂದ ತುಂಬಿತ್ತು: ನಾಗಮಂಗಲದ ಸೌಮ್ಯಕೇಶವ, ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ, 1171ರ ಕಿಕ್ಕೇರಿಯ ಬ್ರಹ್ಮೇಶ್ವರ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆ. ಅಂದಿನ ದಾನಶಾಸನಗಳಲ್ಲಿ ನೈವೇದ್ಯದ ಅಕ್ಕಿ, ದೀಪದ ಎಣ್ಣೆ ಅಳತೆಯ ಸಮೇತ ಕಾಣಿಸುತ್ತವೆ. ಗದ್ದೆಯನ್ನು ಕೂಡ ಅದಕ್ಕೆ ಬೇಕಾಗುವ ಬೀಜದ ಕೊಳಗ, ಖಂಡುಗದಿಂದಲೇ ಹೇಳುತ್ತಿದ್ದರು. ಹಣದ ಲೆಕ್ಕವೂ ಹೀಗೆಯೇ: ಗದ್ಯಾಣಕ್ಕೆ ಹತ್ತು ಪಣ, ಪಣದ ಕಾಲುಭಾಗ ಹಾಗ, ಹದಿನಾರನೇ ಒಂದು ಭಾಗ ವೀಸ. ಅಂದರೆ ದೊಡ್ಡ ಮೊತ್ತಕ್ಕೆ ಹತ್ತರ ಲೆಕ್ಕ, ಚಿಲ್ಲರೆಗೆ ನಾಲ್ಕು, ಹದಿನಾರರ ಲೆಕ್ಕ. ಇದೇ 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಅದರಲ್ಲಿ ವಿಸ್ತಾರವಾಗಿ ಬರುವ ತ್ರೈರಾಶಿಕ, ಅಂದರೆ ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು ಎಂಬ ಲೆಕ್ಕ, ಚಕ್ಕುಲಿಯ ಅಕ್ಕಿ ಉದ್ದಿನ ಲೆಕ್ಕಕ್ಕಿಂತ ಬೇರೆಯದಲ್ಲ. ಪಂಡಿತನದನ್ನು ಸೂತ್ರ ಮಾಡಿದ, ಮನೆಯವರು ಪಾತ್ರೆ ಮಾಡಿಕೊಂಡರು. ಇನ್ನೂ ಸ್ಪಷ್ಟವಾದ ಸಾಕ್ಷಿ ಬೇಕೆಂದರೆ ಶ್ರೀರಂಗಪಟ್ಟಣದ ಟಂಕಸಾಲೆಯತ್ತ ನೋಡಬೇಕು. 1782ರಿಂದ 1799ರವರೆಗೆ ಆಳಿದ ಟಿಪ್ಪು ಸುಲ್ತಾನ ಪಂಚಾಂಗವನ್ನೂ ಬದಲಿಸಿದ, ನಾಣ್ಯಗಳ ಹೆಸರನ್ನೂ ಬದಲಿಸಿದ. ಅವನ ಬೆಳ್ಳಿ ನಾಣ್ಯಗಳ ಸಾಲು ಹೀಗಿದೆ: ಎರಡು ರೂಪಾಯಿಯ ಹೈದರಿ, ರೂಪಾಯಿಯ ಇಮಾಮಿ, ಅರ್ಧದ ಆಬಿದಿ, ಕಾಲಿನ ಬಾಕಿರಿ, ಎಂಟನೇ ಒಂದರ ಜಾಫರಿ, ಹದಿನಾರನೇ ಒಂದರ ಕಾಜಿಮಿ, ಮೂವತ್ತೆರಡನೇ ಒಂದರ ಖಿಜ್ರಿ. ಆನೆಯ ಚಿತ್ರದ ತಾಮ್ರದ ಕಾಸುಗಳಿಗೆ ನಕ್ಷತ್ರ, ಗ್ರಹಗಳ ಹೆಸರಿಟ್ಟ. ಅಲ್ಲೂ ಜೋಹ್ರಾ ಎಂಬ ಪೈಸೆಯ ಅರ್ಧ ಬಹ್ರಾಂ, ಅದರ ಅರ್ಧ ಅಖ್ತರ್, ಅದರ ಅರ್ಧ ಕುತ್ಬ್. ಹೆಸರುಗಳೆಲ್ಲ ಪರ್ಷಿಯಾ, ಅರಬಸ್ತಾನದ ಕಡೆಯವು. ಮೆಟ್ಟಿಲುಗಳು ಮಾತ್ರ ಅಡುಗೆಮನೆಯ ಸೇರು, ಪಾವು, ಚಟಾಕಿನವೇ. ಕಂಡದ್ದಕ್ಕೆಲ್ಲ ಹೊಸ ಹೆಸರಿಟ್ಟ ಅರಸನೂ ಜನರ ಕೈಗೆ ಒಗ್ಗಿದ್ದ ಅರ್ಧದ ಕ್ರಮವನ್ನು ಮುರಿಯಲಿಲ್ಲ.

ರೂಪಾಯಿಗೆ ಹದಿನಾರು ಆಣೆ, ಸೇರಿಗೆ ಹದಿನಾರು ಚಟಾಕು. ಈ ಎರಡು ಹದಿನಾರುಗಳು ಜೊತೆಗೂಡಿದಾಗ ಸಂತೆಯ ಲೆಕ್ಕ ಎಷ್ಟು ಹಗುರಾಗುತ್ತಿತ್ತೆಂಬುದನ್ನು ಈಗಿನವರು ಊಹಿಸುವುದು ಕಷ್ಟ. ಸೇರಿಗೆ ಎಷ್ಟು ರೂಪಾಯಿಯೋ ಚಟಾಕಿಗೆ ಅಷ್ಟೇ ಆಣೆ. ಪಾವಿಗೆ ಅದರ ನಾಲ್ಕರಷ್ಟು ಆಣೆ. ಗುಣಾಕಾರ ಬರದವರೂ ಮೋಸ ಹೋಗದೆ ಬೆಲೆ ಕಟ್ಟಬಹುದಿತ್ತು. ಊರ ಕೂಲಿಮಠಗಳಲ್ಲಿ ಹುಡುಗರು ಕಾಲುಮಗ್ಗಿ, ಅರೆಮಗ್ಗಿ, ಮುಕ್ಕಾಲುಮಗ್ಗಿಗಳನ್ನು ಒಕ್ಕೊರಲಿನಿಂದ ಹೇಳುತ್ತಿದ್ದುದು ಈ ಲೋಕಕ್ಕಾಗಿಯೇ. ಆ ಮಠಗಳು ಹೇಗಿದ್ದವೆಂಬುದಕ್ಕೆ ಕನ್ನಡ ನಾಡಿನ ಇನ್ನೊಂದು ಭಾಗದಿಂದ ಒಳ್ಳೆಯ ದಾಖಲೆಯಿದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಹೊರಡಿಸಿದ ಆದೇಶದಂತೆ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ವರದಿ ಕಳಿಸಿದ. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಬರೆಯುವುದನ್ನೂ, ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವುದನ್ನೂ ಅವನು ಮೆಚ್ಚಿಕೊಂಡಿದ್ದಾನೆ. ಅವನ ಲೆಕ್ಕದಲ್ಲಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಅವರಲ್ಲಿ ಹೆಣ್ಣುಮಕ್ಕಳು ಬರೀ 60. ಮೈಸೂರು ಸಂಸ್ಥಾನದಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿಯವರ ಶಾಲೆ ತೆರೆದದ್ದು 1881ರಲ್ಲಿ, ಅದೂ ರಾಜಧಾನಿಯಲ್ಲಿ. ಹಾಗಿದ್ದ ಮೇಲೆ ತಲೆಮಾರುಗಟ್ಟಲೆ ಮನೆಯ ಕಾಳುಕಡ್ಡಿಯನ್ನು ವರ್ಷಪೂರ್ತಿ ತೂಗಿಸಿದ ಹೆಂಗಸರು ಭಿನ್ನರಾಶಿಯನ್ನು ಎಲ್ಲಿ ಕಲಿತರು? ಶಾಲೆಯಲ್ಲಿ ಅಲ್ಲವೆಂಬುದು ಖಚಿತ. ತಾಯಿ, ಅಜ್ಜಿ, ಅತ್ತೆಯ ಪಕ್ಕದಲ್ಲಿ ಪಾವು ಹಿಡಿದು ಕೂತು ಕಲಿತರೆಂಬ ಉತ್ತರ ಬಿಟ್ಟರೆ ಬೇರೊಂದು ತೋರುವುದಿಲ್ಲ. ಶಿಕ್ಷಣದ ಚರಿತ್ರೆ ಬರೆಯುವವರು ಮಠ, ಓಲೆಗರಿ, ಮರಳಿನ ಹಲಗೆಯನ್ನು ನೋಡಿದರು. ಅಕ್ಕಿ ಡಬ್ಬದತ್ತ ನೋಡಲಿಲ್ಲ. ಹಾಗೆಂದು ಇದನ್ನು ಹೊಗಳಿ ಅಟ್ಟಕ್ಕೇರಿಸಬೇಕಾಗಿಯೂ ಇಲ್ಲ. ಹುಡುಗಿಯರಿಗೆ ಅಡುಗೆಮನೆಯೇ ಶಾಲೆಯಾದದ್ದು ನಿಜವಾದ ಶಾಲೆಯ ಬಾಗಿಲು ಮುಚ್ಚಿದ್ದರಿಂದ. ಉಣ್ಣಲು ಸೇರು ಕಾಳು ಕೂಡಿಡಲಾಗದ ಮನೆಗಳಲ್ಲಿ ಆ ಪಾಠವೂ ಅಷ್ಟಕ್ಕಷ್ಟೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಹಳೆಯ ಅಳತೆಗಳು ಗೊಂದಲದ ಗೂಡಾಗಿದ್ದವು. ಊರಿಗೊಂದು ಸೇರು, ಸಂತೆಗೊಂದು ಕೊಳಗ. ಕೊಳ್ಳುವಾಗ ದೊಡ್ಡದು, ಕೊಡುವಾಗ ಚಿಕ್ಕದು ಎಂಬ ಮೋಸಕ್ಕೆ ಅವು ಸಲೀಸಾಗಿ ಒದಗುತ್ತಿದ್ದವು. ಇಂಥದ್ದನ್ನು ಮಕ್ಕಳ ಪಾಠಶಾಲೆ ಎನ್ನುವುದು ಹಳೆಯದರ ವ್ಯಾಮೋಹವಲ್ಲವೇ? ಗೊಂದಲವಿದ್ದದ್ದು ಹದಿನಾರಾಣೆ ನಿಜ. 1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕನನ್ ಇಲ್ಲಿನ ಅಳತೆಗಳನ್ನು ವಿವರವಾಗಿ ಬರೆದುಕೊಂಡ. ತೂಕದ ಕಚ್ಚಾ ಸೇರು 24 ರೂಪಾಯಿ ನಾಣ್ಯಗಳ ಭಾರ, ಅಂಥ 40 ಸೇರು ಒಂದು ಮಣ. ಕಾಳು ಅಳೆಯುವ ಸೇರಿನ ಬಾಬತ್ತೇ ಬೇರೆ. ಒಂದೇ ಹೆಸರಿನ ಎರಡು ಅಳತೆಗಳು ಒಂದೇ ಪೇಟೆಯಲ್ಲಿ ನಡೆಯುತ್ತಿದ್ದವು. ಆದರೆ ಗೊಂದಲ ಎಲ್ಲಿತ್ತು ಎಂದು ನೋಡಬೇಕು. ಸೇರು ಎಷ್ಟು ದೊಡ್ಡದೆಂಬುದರಲ್ಲಿತ್ತು, ಸೇರಿನ ಕಾಲುಭಾಗ ಯಾವುದೆಂಬುದರಲ್ಲಿ ಇರಲಿಲ್ಲ. ಯಾವ ಊರಿನ ಸೇರನ್ನು ತಂದರೂ ಅದರ ಪಾವು ನಾಲ್ಕೇ. ರೈತನಿಗೆ, ಗಿರಾಕಿಗೆ ಮೊದಲನೆಯದು ಜೀವನ್ಮರಣದ ಪ್ರಶ್ನೆ; ಅದಕ್ಕಾಗಿ ಸರ್ಕಾರ ಏಕರೂಪದ ಅಳತೆ ತಂದದ್ದು ಸರಿಯೇ. ಕಲಿಯುವ ಮಗುವಿಗೆ ಬೇಕಾದದ್ದು ಎರಡನೆಯದು, ಭಾಗಕ್ಕೂ ಪೂರ್ಣಕ್ಕೂ ಇರುವ ನಂಟು. ಅದು ಯಾವತ್ತೂ ಅಲುಗಿರಲಿಲ್ಲ. ಸೇರನ್ನು ಮರಳಿ ತರಬೇಕೆಂಬುದು ಈ ವಾದದ ಆಶಯವಲ್ಲ. ಸೇರಿನ ಜೊತೆಗೆ ಕಳೆದುಹೋದದ್ದು ಏನೆಂದು ಗುರುತಿಸಬೇಕೆಂಬುದಷ್ಟೇ.

ಕಳೆದದ್ದು ಯಾವಾಗ ಎಂಬುದಕ್ಕೆ ತಾರೀಖುಗಳಿವೆ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ. 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೋ, ಲೀಟರು. ನೂರನ್ನು ಅರ್ಧ ಮಾಡಿದರೆ ಐವತ್ತು, ಮತ್ತೆ ಅರ್ಧ ಇಪ್ಪತ್ತೈದು, ಮತ್ತೊಮ್ಮೆ ಮಾಡಿದರೆ ಹನ್ನೆರಡೂವರೆ. ಮೂರನೇ ಮೆಟ್ಟಿಲಿಗೇ ಕಾಲು ಜಾರುತ್ತದೆ. ತೂಕದ ಬೊಟ್ಟುಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕಿರಾಣಿ ಅಂಗಡಿಯಲ್ಲಿ ಕಾಲು ಕೆಜಿ ಬೇಳೆ ಕೇಳಿ, ತಕ್ಕಡಿಗೆ ಬೀಳುವುದು ಇನ್ನೂರು ಗ್ರಾಮಿನ ಬೊಟ್ಟೊಂದು, ಐವತ್ತರದೊಂದು. ಕಾನೂನಿನ ತೂಕಗಳ ಸಾಲು ಒಂದು, ಎರಡು, ಐದರದು; ಅದರಲ್ಲಿ ಕಾಲಿಗೆ ಸ್ವಂತ ಜಾಗವಿಲ್ಲ. ಗಿರಾಕಿಯ ಬಾಯಲ್ಲಿ ಕಾಲು ಉಳಿಯಿತು, ಅಂಗಡಿಯವನ ಕೈಯಿಂದ ಹೋಯಿತು. ಡಿಜಿಟಲ್ ತಕ್ಕಡಿ ಬಂದ ಮೇಲೆ ಆ ಎರಡು ಬೊಟ್ಟುಗಳೂ ಇಲ್ಲ, ಪರದೆಯ ಮೇಲೊಂದು ಅಂಕಿ. ನಾಲ್ಕಾಣೆ ಎಂಬ ಹೆಸರಿನಲ್ಲಿ ಅರ್ಧ ಶತಮಾನ ಬಾಳಿದ ಇಪ್ಪತ್ತೈದು ಪೈಸೆ ನಾಣ್ಯವನ್ನೂ 2011ರ ಜೂನ್ 30ಕ್ಕೆ ಹಿಂದಕ್ಕೆ ಪಡೆದರು. ಹೀಗೆ ಪೂರ್ಣದ ಕಾಲುಭಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಬಹುದಾದ ವಸ್ತುಗಳು ಒಂದೊಂದಾಗಿ ಮಕ್ಕಳ ಸುತ್ತಮುತ್ತಲಿಂದ ಸರಿದವು. ಭಿನ್ನರಾಶಿ ಪಠ್ಯಪುಸ್ತಕದಲ್ಲಿ ಬಣ್ಣ ತುಂಬಿದ ವೃತ್ತದ ಚಿತ್ರವಾಗಿ ಉಳಿಯಿತು.

ಬೇಕರಿ ನಮ್ಮ ಸೀಮೆಗೆ ಅಂಗಡಿಯಾಗಿ ಬಂತೇ ಹೊರತು ಅಡುಗೆಯಾಗಿ ಬರಲಿಲ್ಲ. ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ಮೇಲೆ ಅಯ್ಯಂಗಾರ್ ಬೇಕರಿಗಳು ಊರೂರಿಗೂ ಹಬ್ಬಿದವು. ಒಲೆಯ ಕೆಲಸವೆಲ್ಲ ಅಂಗಡಿಯ ಹಿಂದೆಯೇ ನಡೆಯಿತು. ಮನೆಯಲ್ಲೇ ಬೇಯಿಸುವ ಹವ್ಯಾಸ ಓವನ್ನಿನ ಜೊತೆ ಈಚೆಗೆ ಬಂದದ್ದು, ಬರುವಾಗ ಕಪ್ಪುಗಳ ಸೆಟ್ಟನ್ನೂ ತಂದಿತು. ಆ ಸೆಟ್ಟಿನ ಹಿಂದೆ ಅಮೆರಿಕದ ಫ್ಯಾನಿ ಫಾರ್ಮರ್ ಇದ್ದಾಳೆ. ಬೋಸ್ಟನ್ ಅಡುಗೆ ಶಾಲೆಯ ಹೆಸರಿನಲ್ಲಿ 1896ರಲ್ಲಿ ಹೊರಬಂದ ತನ್ನ ಪುಸ್ತಕದಲ್ಲಿ ಆಕೆ ಕಪ್ಪು, ಚಮಚಗಳನ್ನು ಮೇಲೆ ಸಮ ಮಾಡಿಯೇ ಅಳೆಯಬೇಕೆಂದು ಹಟ ಹಿಡಿದಳು. ಅವರ ಒಂದು ಕಪ್ಪಿಗೆ ದೊಡ್ಡ ಚಮಚ ಎಷ್ಟು? ಹದಿನಾರು. ಅರ್ಧ ಕಪ್ಪಿಗೆ ಎಂಟು, ಕಾಲಿಗೆ ನಾಲ್ಕು. ಕಪ್ಪಿಗೂ ಚಮಚಕ್ಕೂ ಇರುವ ನಂಟು ಸೇರಿಗೂ ಚಟಾಕಿಗೂ ಇದ್ದ ನಂಟೇ. ಯಾರು ಯಾರಿಂದ ಕಲಿತರೆಂದು ಹುಡುಕಬೇಕಾಗಿಲ್ಲ. ಸರಿಯಾಗಿ ಎರಡು ಪಾಲು ಮಾಡುವುದು ತಕ್ಕಡಿಯಿಲ್ಲದೆಯೂ ಕಣ್ಣಿಗೆ, ಕೈಗೆ ಸಾಧ್ಯ. ಹತ್ತು ಪಾಲು ಮಾಡುವುದು ಸಾಧ್ಯವಿಲ್ಲ. ಆದ್ದರಿಂದಲೇ ಅಡುಗೆಯ ಅಳತೆಗಳು ಬೋಸ್ಟನ್ನಿನಲ್ಲೂ ಕಿಕ್ಕೇರಿಯಲ್ಲೂ ಒಂದೇ ಕ್ರಮಕ್ಕೆ ಬಂದು ನಿಂತವು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪಾತ್ರೆಯಲ್ಲಿ ಕಲಿತದ್ದು ಹಲಗೆಯ ಮೇಲೆ ಬರುವುದಿಲ್ಲ. ಅಡುಗೆಯ ಲೆಕ್ಕ ಅಡುಗೆಮನೆಯಲ್ಲೇ ಉಳಿಯುತ್ತದೆ. ಇದಕ್ಕೆ ಒಳ್ಳೆಯ ಆಧಾರವೇ ಇದೆ. ಬ್ರೆಜಿಲಿನ ರೆಸಿಫೆ ನಗರದ ಬೀದಿಯಲ್ಲಿ ಎಳನೀರು, ಹಣ್ಣು ಮಾರುವ ಮಕ್ಕಳನ್ನು ಕುರಿತು 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಿಗೆ ಶೇಕಡ 98ರಷ್ಟು ಸರಿಯುತ್ತರ ಬಂತು. ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕಾಗದದ ಮೇಲೆ ಕೊಟ್ಟಾಗ ಶೇಕಡ 37ಕ್ಕೆ ಇಳಿಯಿತು. ಅಮೆರಿಕದ ಜೀನ್ ಲೇವ್ 1988ರ ತಮ್ಮ ಪುಸ್ತಕದಲ್ಲಿ ಪಥ್ಯ ಹಿಡಿದ ಒಬ್ಬಾತನ ವಿಷಯ ಬರೆದಿದ್ದಾರೆ. ಮೂರರಲ್ಲಿ ಎರಡು ಪಾಲು ಕಪ್ಪು ಗಿಣ್ಣಿನ ಮುಕ್ಕಾಲು ಭಾಗ ಅವನಿಗೆ ಬೇಕಿತ್ತು. ಅವನು ಗುಣಿಸಲಿಲ್ಲ. ಅಳೆದ ಗಿಣ್ಣನ್ನು ಹಲಗೆಯ ಮೇಲೆ ದುಂಡಗೆ ತಟ್ಟಿ, ಅಡ್ಡ ಒಂದು ಉದ್ದ ಒಂದು ಗೆರೆ ಎಳೆದು, ಒಂದು ಕಾಲನ್ನು ತೆಗೆದಿಟ್ಟ. ಉತ್ತರ ಅರ್ಧ ಕಪ್ಪು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಅಡುಗೆಮನೆ ಗಣಿತವನ್ನು ಕಲಿಸದೆ ಗಣಿತವನ್ನು ತಪ್ಪಿಸುವ ಉಪಾಯ ಕಲಿಸುತ್ತದೆ ಎಂದು ಇದರಿಂದ ವಾದಿಸಬಹುದು. ಆದರೆ ಈ ಎರಡು ಉದಾಹರಣೆಗಳೂ ತೋರಿಸುವುದು ಪಾತ್ರೆಗೂ ಹಲಗೆಗೂ ನಡುವೆ ಸೇತುವೆ ಇಲ್ಲದ ಸ್ಥಿತಿಯನ್ನು. ನಮ್ಮ ಕೂಲಿಮಠದ ಕಾಲುಮಗ್ಗಿ ಅಂಥ ಸೇತುವೆಯಾಗಿತ್ತು: ಮನೆಯಲ್ಲಿ ಅಳೆದ ಪಾವನ್ನೇ ಹುಡುಗ ಮಠದಲ್ಲಿ ರಾಗವಾಗಿ ಹೇಳುತ್ತಿದ್ದ, ಅದನ್ನೇ ಮರಳಿನಲ್ಲಿ ಬರೆಯುತ್ತಿದ್ದ. ಮನೆಯಲ್ಲೇ ಉಳಿದ ಅವನ ತಂಗಿಗೆ ಅಳತೆ ಬಂತು, ಬರಹ ಬರಲಿಲ್ಲ. ಬ್ರೆಜಿಲಿನ ಮಕ್ಕಳ ಕಷ್ಟವೇ ಅವಳದೂ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ಶಾಲೆಯ ಒಳಗೇ ವಸ್ತು, ಚಟುವಟಿಕೆಗಳನ್ನು ತಂದದ್ದು ಇದೇ ಕೊರತೆಯನ್ನು ಇನ್ನೊಂದು ತುದಿಯಿಂದ ತುಂಬುವ ಪ್ರಯತ್ನ. ಮನೆಯಲ್ಲಿ ಕೇಕು ಮಾಡಿಸಿ ಗಣಿತ ಕಲಿಸಹೊರಟವರೂ, ಕಲಸಿ ಮುಗಿದ ಮೇಲೆ ಎಷ್ಟು ಹಾಕಿದೆವೆಂದು ಮಗುವಿನಿಂದ ಬರೆಸದಿದ್ದರೆ ಕೊನೆಗೆ ಉಳಿಯುವುದು ಕೇಕೊಂದೇ.

ಸೇರಿನ ಸಾಲಿಗೆ ತನ್ನದೇ ಆದ ಒಂದು ಊನವೂ ಇತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಅದು ಮೂರಕ್ಕೆ ಬಗ್ಗುತ್ತಿರಲಿಲ್ಲ. ಕಪ್ಪಿನ ಸೆಟ್ಟಿನಲ್ಲಿ ಮೂರನೇ ಒಂದರದ್ದೊಂದು ಪಾತ್ರೆ ಇದೆ, ಸೇರಿಗೆ ಅಂಥದ್ದಿಲ್ಲ. ಒಂದು ಸೇರು ಅಕ್ಕಿಯನ್ನು ಮೂರು ಮನೆಗೆ ಸಮನಾಗಿ ಹಂಚಬೇಕೆನ್ನಿ. ಮನೆಗೊಂದು ಪಾವು ಕೊಟ್ಟರೆ ಒಂದು ಪಾವು ಉಳಿಯುತ್ತದೆ. ಅದನ್ನು ನಾಲ್ಕು ಚಟಾಕು ಮಾಡಿ ಮನೆಗೊಂದು ಕೊಟ್ಟರೆ ಒಂದು ಚಟಾಕು ಉಳಿಯುತ್ತದೆ. ಅದನ್ನು ಮತ್ತೆ ನಾಲ್ಕು ಮಾಡಿ ಕೊಟ್ಟರೆ ಮತ್ತೊಂದು ಚೂರು. ಪ್ರತಿ ಸಲವೂ ಉಳಿಕೆ ಕಾಲಿಗೆ ಇಳಿಯುತ್ತದೆ, ಯಾವತ್ತೂ ತೀರುವುದಿಲ್ಲ. ನೆರೆಯ ಕೇರಳದ ನೀಲಕಂಠ ಸೋಮಯಾಜಿ ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ವಿವೇಚಿಸಿದ್ದು ಈ ಶ್ರೇಢಿಯನ್ನೇ: ಕಾಲು, ಅದರ ಕಾಲು, ಅದರ ಕಾಲು ಎಂದು ಕೊನೆಯಿಲ್ಲದೆ ಕೂಡುತ್ತ ಹೋದರೆ ಮೊತ್ತ ಮೂರನೇ ಒಂದನ್ನು ಸಮೀಪಿಸುತ್ತದೆ, ದಾಟುವುದಿಲ್ಲ. ಅದು 16ನೇ ಶತಮಾನದ ಆಸುಪಾಸಿನ ಮಾತು. ಅಡುಗೆಮನೆಯಲ್ಲಿ ಅಷ್ಟು ದೂರ ಯಾರೂ ಹೋಗುತ್ತಿರಲಿಲ್ಲ. ಚಟಾಕಿಗೆ ಬಂದು ನಿಲ್ಲಿಸಿ, ಉಳಿದದ್ದನ್ನು ಮಕ್ಕಳು ಹೆಚ್ಚಿರುವ ಮನೆಗೆ ಕೊಸರಾಗಿ ಸುರಿದು, ಪಾವನ್ನು ಡಬ್ಬದೊಳಗಿಟ್ಟು ಮುಚ್ಚಳ ಹಾಕುತ್ತಿದ್ದರು.